ಸಿರಿಮನೆಯ ಮಂಚವೂ ಅಪ್‌ಹೋಲ್ಸ್ಟರರನೂ

ಮಂಚವೆಂದ ಕೂಡಲೆ ನಮಗೆ ನೆನಪಾಗುವವನು ಬಡಗಿ. ಬೀಟೆಯ ಮಂಚ, ತೇಗದ ಮಂಚ, ಹಲಸಿನ ಮಂಚ ಎಂದು ಮರದ ಹೆಸರಿನಿಂದಲೇ ನಾವು ಅದನ್ನು ಕರೆಯುತ್ತೇವೆ. ಹಾಸಿಗೆಯ ಮಾತು ಆಮೇಲಿನದು. ಆದವಾನಿ, ರಾಯದುರ್ಗ, ಸೊಲ್ಲಾಪುರದ ಕಡೆಯ ಮನೆಗಳಲ್ಲಿ ಹಾಸಿಗೆ ಬೇಕಾದಾಗ ಪಿಂಜಾರರು ಹೆಗಲ ಮೇಲೆ ಬಿಲ್ಲು ಹೊತ್ತು ಬರುತ್ತಿದ್ದರು. ಅಂಗಳದಲ್ಲಿ ಕುಳಿತು ಹತ್ತಿ ಹಿಂಜಿ, ಗಾದಿಗೆ ತುಂಬಿ, ದಬ್ಬಣದಿಂದ ಟಾಕು ಹಾಕಿ, ಮಜೂರಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಮಂಚಕ್ಕೆ ಕೊಟ್ಟ ಹಣದ ಮುಂದೆ ಗಾದಿಗೆ ಕೊಟ್ಟದ್ದು ಲೆಕ್ಕಕ್ಕೇ ಬಾರದು. ಹದಿನೆಂಟನೆಯ ಶತಮಾನದ ಆದಿಭಾಗದ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು. ಅಲ್ಲಿ ಮರಕ್ಕೆ ಬೆಲೆಯಿರಲಿಲ್ಲ, ಬೆಲೆಯೆಲ್ಲ ಬಟ್ಟೆಗೆ. ಬಟ್ಟೆಯನ್ನು ಮಂಚಕ್ಕೂ ಕುರ್ಚಿಗೂ ಗೋಡೆಗೂ ಹೊದಿಸುವವನೇ ಗೃಹಾಲಂಕಾರದ ಯಜಮಾನನಾಗಿದ್ದ.

ಇದು ಅತಿಶಯೋಕ್ತಿಯಲ್ಲವೆಂಬುದಕ್ಕೆ ಒಂದೇ ಬಿಲ್ಲು ಸಾಕು. (ಪಿಂಜಾರರ ಬಿಲ್ಲಲ್ಲ, ಅಂಗಡಿಯ ಬಿಲ್ಲು.) ಇಂಗ್ಲೆಂಡಿನ ಮೊದಲ ಪ್ರಧಾನಮಂತ್ರಿಯೆಂದು ಇತಿಹಾಸಕಾರರು ಎಣಿಸುವ ಸರ್ ರಾಬರ್ಟ್ ವಾಲ್‌ಪೋಲನು 1722ರಲ್ಲಿ ನಾರ್‌ಫೋಕ್ ಪ್ರಾಂತದ ಹೌಟನ್ ಎಂಬಲ್ಲಿ ಅರಮನೆಯಂಥ ಮನೆಗೆ ಅಸ್ತಿಭಾರ ಹಾಕಿಸಿದ. ಆ ಮನೆಯ ಒಳಗನ್ನು ವಿನ್ಯಾಸ ಮಾಡಿದವನು ವಿಲಿಯಂ ಕೆಂಟ್. ಅಲ್ಲಿ ಹಸಿರು ಮಖಮಲ್ಲಿನ ಒಂದು ಮಂಚವಿದೆ. ತಲೆಯ ಕಡೆಯ ಹಲಗೆಯ ಮೇಲೆ ಬಹು ದೊಡ್ಡ ಕಪ್ಪೆಚಿಪ್ಪಿನ ಆಕಾರ ಎದ್ದು ನಿಂತಿದೆ. ಈ ಮಂಚಕ್ಕೆ ಹೊಲಿದ ಬಂಗಾರದ ಜರಿಪಟ್ಟಿ ಮತ್ತು ಝಾಲರಿಗಾಗಿ ಲಂಡನ್ನಿನ ಟರ್ನರ್, ಹಿಲ್ ಮತ್ತು ಪಿಟರ್ ಎಂಬ ವರ್ತಕರು 1732ರಲ್ಲಿ ಕೊಟ್ಟ ಬಿಲ್ಲು ಉಳಿದುಬಂದಿದೆ. ಅದರ ಮೊತ್ತ 1219 ಪೌಂಡು 3 ಷಿಲಿಂಗು 11 ಪೆನ್ಸು. ಮಖಮಲ್ಲಿನ ಬೆಲೆ ಇದರಲ್ಲಿ ಸೇರಿಲ್ಲ, ಮರದ್ದೂ ಇಲ್ಲ, ಹೊಲಿಗೆಯದೂ ಇಲ್ಲ. ಇದು ಅಂಚಿಗೆ ಹಾಕಿದ ಜರಿಯ ಬೆಲೆ ಮಾತ್ರ. ಅಂದಿನ ಲಂಡನ್ನಿನಲ್ಲಿ ಕಟ್ಟಡದ ಕೂಲಿಯವನಿಗೆ ದಿನಕ್ಕೆ ಸುಮಾರು 2 ಷಿಲಿಂಗು ಸಿಗುತ್ತಿತ್ತು. ವರ್ಷಕ್ಕೆ 300 ದಿನ ದುಡಿದನೆಂದರೂ ಈ ಜರಿಯ ಹಣ ಗಳಿಸಲು ಅವನಿಗೆ ಸುಮಾರು 40 ವರ್ಷ ಬೇಕು.

ಇಂಥ ಮಂಚವನ್ನು ಕಟ್ಟಿಕೊಡುವ ಕುಶಲಿಯನ್ನು ಇಂಗ್ಲಿಷಿನಲ್ಲಿ ಅಪ್‌ಹೋಲ್ಸ್ಟರರ್ ಎನ್ನುತ್ತಾರೆ; ಹಳೆಯ ರೂಪ ಅಪ್‌ಹೋಲ್ಡರ್. ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಒಂದು ಮಾತಿಲ್ಲ. ದರ್ಜಿ ಎಂದರೆ ಅರ್ಧ ಬಂತು, ಪಿಂಜಾರ ಎಂದರೆ ಇನ್ನೊಂದು ಪಾಲು ಬಂತು, ಜವಳಿ ವರ್ತಕ ಎಂದರೆ ಮತ್ತೊಂದು. ಮೂವರನ್ನೂ ಕೂಡಿಸಿ ಮೇಲೆ ಒಬ್ಬ ಗುತ್ತಿಗೆದಾರನನ್ನು ಇಟ್ಟರೆ ಅವನ ಪೂರ್ಣರೂಪ. ಆದಕಾರಣ ಪರಭಾಷೆಯ ಹೆಸರನ್ನೇ ನಾವು ಇಲ್ಲಿ ಇಟ್ಟುಕೊಂಡಿದ್ದೇವೆ. ಮೊದಲಿಗೆ ಈ ಜನ ಹಳೆಯ ಸಾಮಾನು ಕೊಂಡು, ದುರಸ್ತಿ ಮಾಡಿ ಮಾರುವ ಚಿಲ್ಲರೆ ವ್ಯಾಪಾರಿಗಳು. ಲಂಡನ್ನಿನಲ್ಲಿ ಇವರ ಸಂಘವಿತ್ತು. 1626ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಅದಕ್ಕೆ ಸನ್ನದು ಕೊಟ್ಟ. ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಇವರ ಸ್ಥಿತಿ ಎಷ್ಟು ಏರಿತೆಂದರೆ, 1747ರಲ್ಲಿ ಲಂಡನ್ನಿನ ಕಸುಬುಗಳ ಮೇಲೆ ಪುಸ್ತಕ ಬರೆದ ರಾಬರ್ಟ್ ಕ್ಯಾಂಬೆಲ್ ಎಂಬವನು ಕೊಂಚ ಕೊಂಕಾಗಿಯೇ ಬರೆಯುತ್ತಾನೆ: ಮೂಲದಲ್ಲಿ ದರ್ಜಿಯ ಜಾತಿಗೆ ಸೇರಿದ ಈತ ಈಗ ಮನೆಗೆ ಬೇಕಾದ ಸಕಲ ವಸ್ತುಗಳಲ್ಲಿಯೂ ತಾನೇ ಮರ್ಮಜ್ಞನೆಂದು ಕುಳಿತಿದ್ದಾನೆ. ಮರದ ಸಾಮಾನು ಮಾಡುವವರು, ಕನ್ನಡಿ ಸಾಣೆ ಹಿಡಿಯುವವರು, ಕೆತ್ತನೆಯವರು, ಕಮ್ಮಾರರು, ರೇಷ್ಮೆ, ಉಣ್ಣೆ, ನಾರಗಸೆಗಳ ವರ್ತಕರು ಎಲ್ಲರೂ ಅವನ ಮೂಲಕವೇ ಸಿರಿವಂತನ ಮನೆಯ ಹೊಸ್ತಿಲು ತುಳಿಯಬೇಕಾಗಿತ್ತು. ಫ್ರಾನ್ಸಿನಲ್ಲಿ ಇದೇ ಕಸುಬಿನವನಿಗೆ ತಾಪಿಸ್ಸಿಯೇ ಎಂಬ ಹೆಸರು. ನಾಟಕಕಾರ ಮೋಲಿಯೇರನ ತಂದೆ ದೊರೆಯ ತಾಪಿಸ್ಸಿಯೇಗಳಲ್ಲಿ ಒಬ್ಬನಾಗಿದ್ದ. ಆ ಹುದ್ದೆ ಮಗನಿಗೂ ಬಂದಿತು.

ಫ್ರಾನ್ಸಿನ ಮಾತು ಸುಮ್ಮನೆ ಬಂದುದಲ್ಲ. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಪ್ರಾಟೆಸ್ಟಂಟ್ ಪ್ರಜೆಗಳಿಗಿದ್ದ ರಕ್ಷಣೆಯನ್ನು ರದ್ದುಮಾಡಿದ. ಹ್ಯೂಗನಾಟರೆಂಬ ಆ ಜನ ಸಾವಿರಗಟ್ಟಲೆಯಾಗಿ ದೇಶ ಬಿಟ್ಟು ಹಾಲೆಂಡಿಗೂ ಇಂಗ್ಲೆಂಡಿಗೂ ಬಂದರು; ಅವರ ಜತೆಗೆ ಅವರ ಕಸುಬೂ ಬಂತು. ನೇಯುವವರು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ನೆಲೆಸಿದರು. ವಿನ್ಯಾಸಕಾರ ಡೇನಿಯಲ್ ಮರೋ ಹಾಲೆಂಡಿಗೆ ಹೋಗಿ, ಮಂಚಗಳ ನಕ್ಷೆಗಳನ್ನು ಅಚ್ಚು ಹಾಕಿಸಿದ. ಆ ಬಗೆಯ ಮಂಚಗಳನ್ನು ಲಂಡನ್ನಿನಲ್ಲಿ ಕಟ್ಟಿಕೊಟ್ಟವರಲ್ಲಿ ಫ್ರಾನ್ಸಿಸ್ ಲಪಿಯೇರ್ ಎಂಬ ಫ್ರೆಂಚ್ ಮೂಲದವನು ಹೆಸರಾದವನು. ಡೆವನ್‌ಷೈರಿನ ಡ್ಯೂಕನಿಗೆ ಚಾಟ್ಸ್‌ವರ್ತ್ ಮನೆಗಾಗಿ 1697ರಲ್ಲಿ ಅವನು ಒದಗಿಸಿದ ಮಂಚಕ್ಕೆ 470 ಪೌಂಡು ಸಂದಿತು. ಸ್ಕಾಟ್ಲೆಂಡಿನ ಮೆಲ್‌ವಿಲ್ ಅರ್ಲನಿಗಾಗಿ 1700ರ ಸುಮಾರಿಗೆ ಆದ ಇನ್ನೊಂದು ಮಂಚವೂ ಇವನ ಕೈಯದೇ ಎಂದು ವಿದ್ವಾಂಸರು ಊಹಿಸುತ್ತಾರೆ. ಅದು 1949ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಹೊರಗೆ ಜಿನೋವಾದ ಕೆಂಪು ಮಖಮಲ್ಲು, ಒಳಗೆ ಚೀಣಾದ ದಂತವರ್ಣದ ರೇಷ್ಮೆ, ಎತ್ತರ ಸುಮಾರು 15 ಅಡಿ. ನಮ್ಮ ಸಾಧಾರಣ ಮನೆಯ ಚಾವಣಿಯನ್ನು ತೂರಿಕೊಂಡು ಹೋಗುವಷ್ಟು!

ಇದನ್ನು ಕಟ್ಟುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಚೌಕಟ್ಟಿಗೆ ಬೀಚ್, ಓಕ್, ಪೈನ್ ಮೊದಲಾದ ಸುಲಭದ ಮರ ಸಾಕು, ಏಕೆಂದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕು ಕಂಬ, ಮೇಲೆ ಮೇಲುಕಟ್ಟು. ಮೇಲುಕಟ್ಟಿನ ಅಂಚಿನ ಬಳ್ಳಿ ಸುರುಳಿಗಳನ್ನು ಮೊದಲು ಪೈನ್ ಮರದಲ್ಲಿ ಕೆತ್ತಿ, ಆ ಏರಿಳಿತವೆಲ್ಲ ತೋರುವಂತೆ ರೇಷ್ಮೆಯನ್ನು ಅಂಟಿನಿಂದ ಬಿಗಿಯಾಗಿ ಹೊದಿಸಬೇಕು. ಅಂಟು ಹೆಚ್ಚಾದರೆ ಬಟ್ಟೆಯ ಮುಖದ ಮೇಲೆ ಕಲೆ ಮೂಡುತ್ತದೆ, ಕಡಮೆಯಾದರೆ ತಗ್ಗಿನಲ್ಲಿ ಬಟ್ಟೆ ಎದ್ದುನಿಲ್ಲುತ್ತದೆ. ಅಂದಿನ ರೇಷ್ಮೆಯ ಪನ್ನ ಸುಮಾರು 21 ಅಂಗುಲ. ಆದಕಾರಣ ಒಂದು ಪರದೆಗೆ ಹಲವು ಪಟ್ಟಿಗಳನ್ನು ಜೋಡಿಸಬೇಕು. ಜೋಡಿಸಿದಲ್ಲೆಲ್ಲ ಹೂವಿಗೆ ಹೂ, ಎಲೆಗೆ ಎಲೆ ಕೂಡಬೇಕು. ಗಜಕ್ಕೆ ಒಂದು ಪೌಂಡಿಗಿಂತಲೂ ಹೆಚ್ಚು ಬೆಲೆಯ ಮಖಮಲ್ಲಿಗೆ ಕತ್ತರಿ ಹಾಕುವ ಕೈ ಅಳುಕಿದರೂ ನಷ್ಟ, ದುಡುಕಿದರೂ ನಷ್ಟ. ಹೊಲಿದ ಗೆರೆಯನ್ನು ಮುಚ್ಚಲು ಜರಿಪಟ್ಟಿ, ತುದಿಗೆ ಝಾಲರಿ, ಮೂಲೆಗೆ ಗೊಂಡೆ. ಜರಿಯೆಂದರೆ ರೇಷ್ಮೆಯ ಎಳೆಗೆ ಬಂಗಾರದ ನೀರು ಕೊಟ್ಟ ಬೆಳ್ಳಿಯ ತಗಡನ್ನು ಸುತ್ತಿದ್ದು. ನಮ್ಮ ಸೀರೆಯ ಸೆರಗಿನಲ್ಲಿರುವುದೂ ಅದೇ ಜಾತಿಯದು.

ಒಳಗಣ ಹಾಸಿಗೆ ಬೇರೆಯೇ ಕೆಲಸ. ಕೆಳಗೆ ಹುಲ್ಲಿನ ಗಾದಿ, ಅದರ ಮೇಲೆ ಉಣ್ಣೆಯದೋ ಕುದುರೆಕೂದಲಿನದೋ ಒಂದು, ಎಲ್ಲಕ್ಕೂ ಮೇಲೆ ಹಕ್ಕಿಯ ಗರಿಯದು. ಕುದುರೆಯ ಕೂದಲನ್ನು ಹಗ್ಗದಂತೆ ಹೊಸೆದು, ಕುದಿಸಿ, ಒಣಗಿಸಿ, ಆಮೇಲೆ ಬಿಚ್ಚುತ್ತಿದ್ದರು. ಸುರುಳಿ ಹಾಗೆಯೇ ನಿಂತು, ಒತ್ತಿದರೆ ಬಗ್ಗಿ ಬಿಟ್ಟರೆ ಏಳುವ ಗುಣ ಬರುತ್ತಿತ್ತು. ಕುರ್ಚಿಯ ಮೆತ್ತೆಗೂ ಇದನ್ನೇ ತುಂಬುತ್ತಿದ್ದರು. ಇಷ್ಟೆಲ್ಲ ಮಾಡಿದ ಮೇಲೆ ಈ ವೈಭವವನ್ನು ಮುಚ್ಚಿಡಲು ಒರಟು ಬಟ್ಟೆಯ ಗವಸುಗಳನ್ನೂ ಅವನೇ ಹೊಲಿದುಕೊಡುತ್ತಿದ್ದ. ವರ್ಷದ ಬಹುಕಾಲ ಕುರ್ಚಿಗಳು ಗವಸಿನೊಳಗೇ ಇರುತ್ತಿದ್ದವು. ಅತಿಥಿ ಬಂದಾಗಷ್ಟೇ ಸಿರಿ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಮನೆಗಳಲ್ಲಿ ಮದುವೆಯ ಜಮಖಾನೆಯನ್ನು ಅಟ್ಟದ ಮೇಲೆ ಸುತ್ತಿಟ್ಟಂತೆ ಎನ್ನಬಹುದು.

ಅಷ್ಟು ಖರ್ಚಿನ ಮಂಚದ ಮೇಲೆ ಮನೆಯ ಯಜಮಾನ ಮಲಗುತ್ತಿದ್ದನೆಂದು ತಿಳಿಯಬಾರದು. ಅವನಿಗೆ ಬೇರೆ ಸಾದಾ ಕೋಣೆಯಿತ್ತು. ಒಂದರ ಹಿಂದೊಂದು ಬಾಗಿಲು ತೆರೆದ ಕೋಣೆಗಳ ಸಾಲನ್ನು ದಾಟಿ ಕೊನೆಗೆ ಕಾಣುವ ಈ ಮಂಚ, ದೊರೆಯೋ ರಾಣಿಯೋ ಎಂದಾದರೂ ಬಂದಾರೆಂಬ ಆಸೆಯ ಮೇಲೆ ಸಿದ್ಧವಾದದ್ದು. ವರ್ಸೇಲ್ಸಿನಲ್ಲಿ ಲೂಯಿ ದೊರೆ ಏಳುವುದೂ ಮಲಗುವುದೂ ರಾಜಸಭೆಯ ಉತ್ಸವವಾಗಿದ್ದುದರ ನೆರಳು ಇದು. ಬಂದವರು ಮಂಚ ನೋಡಿ ಮನೆಯ ಯೋಗ್ಯತೆ ಅಳೆಯುತ್ತಿದ್ದರು.

ಹಣದ ವಿಚಾರದಲ್ಲಿ ಅಪ್‌ಹೋಲ್ಸ್ಟರರನ ಪಾಡು ಸುಖದ್ದಾಗಿರಲಿಲ್ಲ. ರೇಷ್ಮೆಯ ವರ್ತಕನಿಗೆ ಅವನು ಹಣ ತೆರಬೇಕು, ಕೆಲಸದವರಿಗೆ ವಾರದ ಮಜೂರಿ ಕೊಡಬೇಕು. ಸಿರಿವಂತ ಗಿರಾಕಿಯ ಹಣ ಮಾತ್ರ ವರ್ಷಕ್ಕೋ ಎರಡು ವರ್ಷಕ್ಕೋ ಬಂದರೆ ಪುಣ್ಯ. ದೊಡ್ಡ ಮನೆಗೆ ಸಾಲ ಕೊಡದೆ ವ್ಯಾಪಾರವಿಲ್ಲ, ಕೊಟ್ಟ ಮೇಲೆ ಬಾಗಿಲಲ್ಲಿ ನಿಂತು ಕೇಳುವಂತಿಲ್ಲ. ಆದಕಾರಣ ಅವನು ಹಲವು ಉಪವೃತ್ತಿಗಳನ್ನು ಹಿಡಿದಿದ್ದ. ಸತ್ತವರ ಮನೆಯ ಸಾಮಾನುಗಳ ಪಟ್ಟಿ ಮಾಡಿ ಬೆಲೆ ಕಟ್ಟುವವನು ಅವನೇ. ಶವಸಂಸ್ಕಾರದ ಏರ್ಪಾಡೂ ಅವನದೇ: ಕೋಣೆಗಳಿಗೆ ಕಪ್ಪು ಬಟ್ಟೆ ಕಟ್ಟುವುದು, ಶೋಕದ ಪರದೆಗಳನ್ನು ಬಾಡಿಗೆಗೆ ಕೊಡುವುದು. ಮದುವೆಗೆ ಮಂಚ ಕಟ್ಟಿದವನೇ ಮರಣಕ್ಕೂ ಬಟ್ಟೆ ತರುತ್ತಿದ್ದ. ಅಂದಿನ ಪತ್ರಿಕೆಗಳು ಇವರನ್ನು ಹಾಸ್ಯಕ್ಕೆ ಹಿಡಿದುದುಂಟು. 1710ರಲ್ಲಿ ಜೋಸೆಫ್ ಅಡಿಸನ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಒಬ್ಬ ಅಪ್‌ಹೋಲ್ಸ್ಟರರನನ್ನು ಚಿತ್ರಿಸಿದ್ದಾನೆ. ಸ್ವೀಡನ್ ದೊರೆಯ ಯುದ್ಧದ ಚಿಂತೆಯಲ್ಲಿ ಬೆಳಗಾದರೆ ವರ್ತಮಾನಪತ್ರಿಕೆ ಹುಡುಕಿಕೊಂಡು ಹೋಗಿ, ತನ್ನ ಅಂಗಡಿ ಮುಳುಗಿಸಿಕೊಂಡ ಮಹಾನುಭಾವ. ಚಹದಂಗಡಿಯ ಬೆಂಚಿನ ಮೇಲೆ ಲೋಕದ ರಾಜಕೀಯವನ್ನೆಲ್ಲ ತೀರ್ಮಾನ ಮಾಡುವ ಮಿತ್ರರು ಎಲ್ಲ ಊರಿನಲ್ಲಿಯೂ ಇರುವುದರಿಂದ ಈತನ ಗುರುತು ವಾಚಕರಿಗೆ ಕೂಡಲೆ ಹತ್ತುತ್ತದೆ.

ಇನ್ನು ನಮಗೆ ಹತ್ತಿರದ ಸಂಗತಿಗೆ ಬರೋಣ. ಈ ಮಂಚಗಳಿಗೆ ಬಟ್ಟೆ ಎಲ್ಲಿಂದ ಬರುತ್ತಿತ್ತು? ಜಿನೋವಾ, ಚೀಣಾ, ಸ್ಪಿಟಲ್‌ಫೀಲ್ಡ್ಸ್‌ಗಳನ್ನು ಹೇಳಿದೆವು. ನಾಲ್ಕನೆಯದು ಹಿಂದೂಸ್ಥಾನ. ಮಚಲೀಪಟ್ಟಣ ಮೊದಲಾದ ಪೂರ್ವ ಕರಾವಳಿಯ ಊರುಗಳಲ್ಲಿ ಹತ್ತಿಯ ಬಟ್ಟೆಯ ಮೇಲೆ ಕಲಮಿನಿಂದ ಬರೆದು ಬಣ್ಣ ಕಟ್ಟುತ್ತಿದ್ದರು. ಕೆಂಪಿಗೆ ಪಟಿಕದ ನೀರು ಬರೆದು ಬೇರಿನ ಬಣ್ಣದಲ್ಲಿ ಕುದಿಸುವುದು, ನೀಲಿಗೆ ಬೇಡದ ಭಾಗವನ್ನೆಲ್ಲ ಮೇಣದಿಂದ ಮುಚ್ಚಿ ನೀಲಿಯ ಬಾನಿಯಲ್ಲಿ ಅದ್ದುವುದು, ಹೀಗೆ ವಾರಗಟ್ಟಲೆಯ ಕೆಲಸ. ಒಗೆದರೂ ಹೋಗದ ಆ ಬಣ್ಣ ಯೂರೋಪಿನವರಿಗೆ ಇಂದ್ರಜಾಲವಾಗಿ ಕಂಡಿತು. ಅವರ ರೇಷ್ಮೆಯನ್ನು ನೀರಿಗೆ ಹಾಕುವಂತೆಯೇ ಇರಲಿಲ್ಲ. ಹೂಬಿಟ್ಟ ಮರ ಬರೆದ ದೊಡ್ಡ ಹಚ್ಚಡಕ್ಕೆ ಅವರು ಇಟ್ಟ ಹೆಸರು ಪಲಂಪೋರ್. ಅದು ಮಂಚದ ಹೊದಿಕೆ ಎಂಬ ಅರ್ಥದ ಪಲಂಗ್‌ಪೋಷ್ ಎಂಬುದರ ಅಪಭ್ರಂಶ. ನಮ್ಮ ಪಲ್ಲಂಗವೂ ಆ ಬಳಗದ್ದೇ. ಹತ್ತಿಯ ಬಟ್ಟೆಗೆ ಅವರು ಹೇಳುವ ಕ್ಯಾಲಿಕೊ ಎಂಬ ಮಾತು ಕಲ್ಲಿಕೋಟೆಯ ಹೆಸರಿನಿಂದ ಹುಟ್ಟಿದ್ದು; ವಯನಾಡಿನ ಬಂಧುಗಳಿಗೆ ಘಟ್ಟದ ಕೆಳಗಿನ ಊರು. ಗುಜರಾತಿನಿಂದ ಕಸೂತಿಯ ಪರದೆಗಳು ಹೋಗುತ್ತಿದ್ದವು. ಚರ್ಮದ ಮೇಲೆ ಹೊಲಿಯುವ ಮೋಚಿಗಳ ಆರಿಯಿಂದಲೇ ರೇಷ್ಮೆಯ ಸರಪಳಿ ಹೊಲಿಗೆ ಹಾಕಿದ ಪರದೆಗಳು ಅವು.

1663ರಲ್ಲಿ ಸ್ಯಾಮ್ಯುಯಲ್ ಪೀಪ್ಸ್ ತನ್ನ ಹೆಂಡತಿಯ ಕೋಣೆಯ ಗೋಡೆಗೆ ಹೊದಿಸಲು ಹಿಂದೂಸ್ಥಾನದ ಚೀಟಿಬಟ್ಟೆ ಕೊಂಡದ್ದನ್ನು ದಿನಚರಿಯಲ್ಲಿ ಸಂತೋಷದಿಂದ ಬರೆದುಕೊಂಡ. 1708ರಲ್ಲಿ ಡೇನಿಯಲ್ ಡೀಫೋ ಅದೇ ಬಟ್ಟೆ ಪರದೆ, ದಿಂಬು, ಕುರ್ಚಿ, ಮಂಚಗಳನ್ನೆಲ್ಲ ಆಕ್ರಮಿಸಿತೆಂದು ಗೋಳಾಡಿದ. ಈ ನಡುವೆ ಕಾನೂನು ಎದ್ದು ನಿಂತಿತ್ತು. 1701ರಿಂದ ಬಣ್ಣದ ಕ್ಯಾಲಿಕೊವನ್ನೂ ಪಾರಸಿಕ, ಚೀಣಾ, ಹಿಂದೂಸ್ಥಾನಗಳ ನೇಯ್ದ ರೇಷ್ಮೆಯನ್ನೂ ಇಂಗ್ಲೆಂಡಿನೊಳಗೆ ಬಳಸಲು ತರಕೂಡದೆಂದಾಯಿತು. ತಂದರೆ ಗೋದಾಮಿನಲ್ಲಿಟ್ಟು ಹೊರದೇಶಗಳಿಗೆ ಕಳಿಸಬೇಕು. ಬಿಳಿಯ ಬಟ್ಟೆಗೆ ನಿಷೇಧವಿರಲಿಲ್ಲ; ಲಂಡನ್ನಿನವರು ಅದನ್ನು ತರಿಸಿ ತಾವೇ ಅಚ್ಚು ಹಾಕತೊಡಗಿದರು. 1719ರಲ್ಲಿ ಸ್ಪಿಟಲ್‌ಫೀಲ್ಡ್ಸಿನ ನೇಕಾರರು ದಂಗೆಯೆದ್ದು, ಬೀದಿಯಲ್ಲಿ ಕ್ಯಾಲಿಕೊ ಉಟ್ಟ ಹೆಂಗಸರ ಬಟ್ಟೆಯನ್ನೇ ಹರಿದರು. 1721ರಲ್ಲಿ ಇನ್ನೂ ಕಠಿಣವಾದ ಶಾಸನ ಬಂತು: 1722ರ ಡಿಸೆಂಬರ್ 25ರಿಂದ ಬಣ್ಣದ ಕ್ಯಾಲಿಕೊ ಉಡುವುದಕ್ಕೂ, ಮಂಚ ಕುರ್ಚಿ ಪರದೆಗಳಿಗೆ ಬಳಸುವುದಕ್ಕೂ ನಿಷೇಧ. ಉಟ್ಟವರಿಗೆ 5 ಪೌಂಡು, ಮಾರಿದವರಿಗೆ 20 ಪೌಂಡು ದಂಡ. ಬರಿಯ ನೀಲಿ ಬಣ್ಣದ್ದಕ್ಕೂ ಮಸ್ಲಿನ್ನಿಗೂ ಮಾತ್ರ ವಿನಾಯತಿ. ಹಸಿವಿನಿಂದ ಎದ್ದ ನೇಕಾರರನ್ನು ನಾವು ಸುಲಭವಾಗಿ ದೂಷಿಸಲಾರೆವು. ಆದರೆ ಕಡಲಿನ ಈಚೆಗೆ ಬಟ್ಟೆ ಬರೆಯುತ್ತಿದ್ದವರ ಮಾತನ್ನು ಆ ಸಭೆಯಲ್ಲಿ ಹೇಳಲು ಅವರವರು ಯಾರಿದ್ದರು? ಈಸ್ಟ್ ಇಂಡಿಯಾ ಕಂಪೆನಿ ವಾದಿಸಿದ್ದು ತನ್ನ ಲಾಭಕ್ಕಾಗಿ. ಅಪ್‌ಹೋಲ್ಸ್ಟರರನ ಹೆಸರಾದರೂ ಒಂದೊಂದು ಬಿಲ್ಲಿನ ತಲೆಯ ಮೇಲೆ ಉಳಿಯಿತು. ಮಚಲೀಪಟ್ಟಣದ ಆ ಕೈಗಳ ಹೆಸರು ಈ ಮಂಚಗಳ ಕಾಗದಗಳಲ್ಲಿ ಕಾಣುವುದಿಲ್ಲ.

ಕಾನೂನು ದೊಡ್ಡವರ ಮಲಗುವ ಕೋಣೆಯವರೆಗೆ ಮುಟ್ಟಿತೆ ಎಂಬುದು ಬೇರೆ ಪ್ರಶ್ನೆ. ವೇಲ್ಸಿನ ರೆಕ್ಸಮ್ ಪಟ್ಟಣದ ಬಳಿ ಎರ್ಡಿಗ್ ಎಂಬ ಮನೆಯಿದೆ. ಅದನ್ನು ಕಟ್ಟಿಸಿದ ಜೋಶುವಾ ಎಡಿಸ್‌ಬರಿ ಸಾಲದಲ್ಲಿ ಮುಳುಗಿದ. ಲಂಡನ್ನಿನ ಚಾನ್ಸರಿ ನ್ಯಾಯಾಲಯದ ಅಧಿಕಾರಿ, ಶ್ರೀಮಂತ, ಬ್ರಹ್ಮಚಾರಿ ಜಾನ್ ಮೆಲ್ಲರ್ ಅದನ್ನು ಕೊಂಡು, ಲಂಡನ್ನಿನ ಉತ್ತಮ ಕುಶಲಿಗಳಿಂದ ತುಂಬಿಸಿದ. 1720ರ ಸುಮಾರಿಗೆ ಬಂದ ಅವನ ದೊಡ್ಡ ಮಂಚದ ಪರದೆಗಳು ಚೀಣಾದ ಕಸೂತಿ ರೇಷ್ಮೆಯವು. ಚೀಣಾದ ರೇಷ್ಮೆಗೆ ನಿಷೇಧ ಬಂದು ಆಗಲೇ ಹತ್ತೊಂಬತ್ತು ವರ್ಷ! ನ್ಯಾಯಾಲಯದವನ ಮನೆಯಲ್ಲಿಯೇ ಹೀಗಾದರೆ ಉಳಿದವರದೇನು ಎಂದು ಕೇಳಬೇಕೆನಿಸುತ್ತದೆ. ಅದೇ ಮನೆಯಲ್ಲಿ ಅರಗಿನ ಕೆಲಸದ ಒಂದು ಚೀಣಾ ತಡಿಕೆಪರದೆಯೂ ಇದೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ 1687ರಿಂದ 1692ರವರೆಗೆ ಗವರ್ನರಾಗಿದ್ದ ಎಲಿಹೂ ಯೇಲ್ ಆ ಊರಿನ ನೆರೆಯವನು. ಅದು ಅವನ ಕೊಡುಗೆಯೆಂದು ಹೇಳುತ್ತಾರೆ. ಚೀಣಾದಲ್ಲಿ ಹುಟ್ಟಿದ ಈ ಬಗೆಯ ಪರದೆಗೆ ನಮ್ಮ ಕರಾವಳಿಯ ಮೂಲಕ ಸಾಗಿದ ಒಂದೇ ಕಾರಣದಿಂದ ‘ಕೋರಮಂಡಲ’ ಎಂಬ ಹೆಸರು ಅಂಟಿತು. ಮುಂದೆ 1774ರಲ್ಲಿ ಇಂಗ್ಲೆಂಡಿನಲ್ಲೇ ಮಾಡಿದ ಅಚ್ಚಿನ ಹತ್ತಿಬಟ್ಟೆಗೆ ಅನುಮತಿ ದೊರೆಯಿತು, ನಮ್ಮದಕ್ಕೆ ದೊರೆಯಲಿಲ್ಲ. ಮರುವರ್ಷ ನಟ ಡೇವಿಡ್ ಗ್ಯಾರಿಕ್‌ನ ಹೆಂಡತಿಗೆ ಕಾಣಿಕೆಯಾಗಿ ಬಂದಿದ್ದ ಕೋರಮಂಡಲದ ಚೀಟಿಬಟ್ಟೆಯನ್ನು ಸುಂಕದವರು ಹಿಡಿದು, ಅವನು ಕಾಗದ ಬರೆದು ಬೇಡಿಕೊಳ್ಳಬೇಕಾಯಿತು. ಆ ಪರದೆಗಳೂ ಈಗ ಮೇಲೆ ಹೇಳಿದ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ.

ಬಟ್ಟೆ ಬಾಳುವ ಕಾಲ ಮರದಷ್ಟಲ್ಲ. ಬಿಸಿಲಿಗೆ ರೇಷ್ಮೆ ಪುಡಿಯಾಗುತ್ತದೆ, ನುಸಿಗೆ ಉಣ್ಣೆ ಆಹಾರ. ಜರಿಯಲ್ಲಿ ಬೆಳ್ಳಿಯಿದ್ದುದರಿಂದ ಅದನ್ನು ಬಿಡಿಸಿ ಮಾರುವುದೇ ಒಂದು ಕಾಲಕ್ಕೆ ದೊಡ್ಡ ಮನೆಯ ಹೆಂಗಸರ ಹೊತ್ತುಗಳೆಯುವ ಕೆಲಸವಾಗಿತ್ತು. ಮೊಮ್ಮಕ್ಕಳ ಕಾಲಕ್ಕೆ ಅಜ್ಜನ ಮಂಚ ಹಳೆಯ ಮಾದರಿಯಾಗಿ, ಪರದೆ ಕತ್ತರಿಸಿ ಕುರ್ಚಿಗೆ ಹೊದಿಸಿದುದೂ ಉಂಟು. ಲಪಿಯೇರನು ಡ್ಯೂಕನಿಗೆ ಮಾಡಿಕೊಟ್ಟ ಆ 470 ಪೌಂಡಿನ ಮಂಚ ಇಂದು ಮಂಚವಾಗಿ ಉಳಿದಿಲ್ಲ. ಅದರ ಮೇಲುಕಟ್ಟು ಮಾತ್ರ ಹಾರ್ಡ್‌ವಿಕ್ ಎಂಬ ಇನ್ನೊಂದು ಮನೆಯ ಉದ್ದದ ಪಡಸಾಲೆಯಲ್ಲಿ ಗೋಡೆಗೆ ಚಾಚಿಕೊಂಡಿದೆ. ಹೀಗಾಗಿ ಸಂಶೋಧಕನಿಗೆ ಬಟ್ಟೆಗಿಂತ ಕಾಗದವೇ ದಿಕ್ಕು: ಬಿಲ್ಲು, ರಸೀದಿ, ಸಾಮಾನಿನ ಪಟ್ಟಿ. ಎರ್ಡಿಗ್ಗಿನಲ್ಲಿ 1726ರ ಪಟ್ಟಿ ಉಳಿದಿರುವುದರಿಂದ ಯಾವ ಕೋಣೆಯಲ್ಲಿ ಯಾವ ಬಣ್ಣದ ಕುರ್ಚಿ ಇತ್ತೆಂದು ಇಂದಿಗೂ ಹೇಳಬಹುದು. ನಮ್ಮ ಗಡಿಸೀಮೆಯ ಹಳೆಯ ಸಾಹುಕಾರರ ಮನೆಗಳಲ್ಲಿ ಮದುವೆಯ ಜವಳಿಯ ಚೀಟಿಗಳನ್ನೂ ಖರ್ಚಿನ ಕಡತಗಳನ್ನೂ ದೀಪಾವಳಿಯ ಸುಣ್ಣಬಣ್ಣದ ದಿನ ಒಲೆಗೆ ಹಾಕುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರಲ್ಲಿ ಎಷ್ಟು ನೇಕಾರರ, ಎಷ್ಟು ದರ್ಜಿಗಳ ಹೆಸರಿತ್ತೋ!

ಮೆಲ್ಲರ್ 1733ರಲ್ಲಿ ತೀರಿಕೊಂಡ. ಮನೆ ಅವನ ಸೋದರಳಿಯ ಸೈಮನ್ ಯಾರ್ಕನಿಗೆ ಬಂತು. ಯಾರ್ಕರು ಹಳೆಯದನ್ನು ಎಸೆಯುವ ಜನವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮನೆಯ ಅಡಿಯಲ್ಲೇ ಕಲ್ಲಿದ್ದಲ ಗಣಿ ತೋಡಿ, ಮನೆ ಸುಮಾರು 5 ಅಡಿ ಕುಸಿಯಿತು, ಚಾವಣಿ ಬಿರಿಯಿತು. ದೊಡ್ಡ ಮಂಚದ ಕೋಣೆಯಲ್ಲಿ ಮಳೆ ಸೋರಿತು. ಕೊನೆಯ ಯಜಮಾನ, ಅವಿವಾಹಿತ ಮುದುಕ ಫಿಲಿಪ್ ಯಾರ್ಕ್, ಹನಿ ಬೀಳುವ ಕಡೆ ಮಂಚದ ಮೇಲೆಯೇ ಪಾತ್ರೆಗಳನ್ನಿಟ್ಟಿದ್ದ. ಚೀಣಾದ ರೇಷ್ಮೆ ಹೇಗೋ ಉಳಿಯಿತು. ಅದನ್ನು ಲಂಡನ್ನಿನಲ್ಲಿ ಜತನದಿಂದ ದುರಸ್ತಿ ಮಾಡಿದರು. 1973ರಲ್ಲಿ ಯಾರ್ಕನು ಮನೆಯನ್ನೂ ಅದರೊಳಗಿನ ಸಕಲವನ್ನೂ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸುವಾಗ ಹಾಕಿದ ಷರತ್ತು, ಒಂದು ಸಾಮಾನೂ ಆ ಮನೆ ಬಿಟ್ಟು ಹೋಗಬಾರದೆಂಬುದು.